ಬೀಗಲ್ ನಾಯಿಗಳ ವಂಶಪಾರಂಪರ್ಯ ಚರ್ಮಬಿಗಿತ

ಬೆಂಗಳೂರಿನ ಕಾಟನ್‌ಪೇಟೆಯಲ್ಲಾಗಲಿ ಹಳ್ಳಿಯ ತೋಟದ ಮನೆಯಲ್ಲಾಗಲಿ ಬೀಗಲ್ ಜಾತಿಯ ನಾಯಿಯನ್ನು ಸಾಕುವ ಯಜಮಾನರು ಮುಸ್ಲಾಡಿನ್-ಲ್ಯೂಕೆ ಎಂಬ ರೋಗವನ್ನು ತಿಳಿದಿರುವುದು ಅವಶ್ಯಕ. ಚರ್ಮ, ಕೀಲು ಮುಂತಾದುವನ್ನು ಬಂಧಿಸುವ ಅಂಗಾಂಶವು ಇದರಲ್ಲಿ ಬಿಗಿದು ಗಟ್ಟಿಯಾಗುವುದು. ಮರಿಯ ಕತ್ತಿನ ಚರ್ಮವು ಹಿಡಿದೆತ್ತಲು ಬಾರದು, ನಡಿಗೆಯು ತುದಿಗಾಲಿನದು, ನೆತ್ತಿ ಚಪ್ಪಟೆ, ಕಣ್ಣು ಓರೆ. ಬಿಗಿತವು ಸುಮಾರು 1 ವರ್ಷದವರೆಗೆ ಹೆಚ್ಚಿ ಬಳಿಕ ನಿಲ್ಲುವುದು, ಗುಣಪಡಿಸುವ ಔಷಧವಿಲ್ಲ.

ಇದು ಆಹಾರದ ದೋಷವಲ್ಲ, ವಂಶದ ದೋಷ. ತಂದೆತಾಯಿಗಳೆರಡೂ ನೋಡಲು ಆರೋಗ್ಯವಾಗಿದ್ದು, ಎರಡರಲ್ಲಿಯೂ ದೋಷವು ಗುಪ್ತವಾಗಿದ್ದರೆ, ಸರಾಸರಿ 4 ಮರಿಗಳಲ್ಲಿ 1ಕ್ಕೆ ರೋಗ ತಗಲುವುದು. 2 ಮರಿಗಳು ಅದನ್ನು ಗುಪ್ತವಾಗಿ ಹೊರುವುವು. ಇದಕ್ಕೆ ಕಾರಣವಾದ ವಂಶವಾಹಿಯು 2010ರಲ್ಲಿ ಪ್ರಕಟವಾದುದರಿಂದ, ಪರೀಕ್ಷೆಯಿಂದ ಅಂಥ ನಾಯಿಯನ್ನು ಮೊದಲೇ ಗುರುತಿಸಬಹುದು. ಅದನ್ನು ದೋಷರಹಿತ ನಾಯಿಯೊಡನೆ ಕೂಡಿಸಿದಲ್ಲಿ ರೋಗಿ ಮರಿ ಹುಟ್ಟದು.

ನಮ್ಮ ಮುಧೋಳ ನಾಯಿಯನ್ನು ಸಾಕುವವರಿಗೂ ಇದರಿಂದ ಪಾಠವುಂಟು. ಶುದ್ಧ ತಳಿಯ ಆಸೆಯಿಂದ ಒಡಹುಟ್ಟಿದವುಗಳನ್ನೇ ಕೂಡಿಸಿದರೆ, ಅಡಗಿದ ಯಾವ ದೋಷವಾದರೂ ಹೊರಬೀಳುವ ಸಂಭವ ಹೆಚ್ಚು. ಆದಕಾರಣ ಪ್ರತಿಯೊಂದು ಮರಿಯ ತಂದೆ, ತಾಯಿ, ಅಜ್ಜ, ಅಜ್ಜಿಯರ ವಿವರವನ್ನು ಬರೆದಿಡತಕ್ಕದ್ದು. ಮುಧೋಳ ತಾಲ್ಲೂಕು ತಿಮ್ಮಾಪುರದ ಶ್ವಾನ ಸಂಶೋಧನಾ ಕೇಂದ್ರದ ಸಲಹೆಯನ್ನು ಪಡೆಯತಕ್ಕದ್ದು. ಬಿತ್ತನೆಯ ಕಾಳನ್ನು ಆರಿಸುವಷ್ಟು ಎಚ್ಚರವು ಇಲ್ಲಿಯೂ ಬೇಕು.