ಹಳಕಟ್ಟಿಯವರ ಋಣವೂ ವಿದ್ಯಾಪೀಠಗಳ ಗ್ರಂಥಾಲಯಗಳೂ

ಹುನಗುಂದ ಸೀಮೆಯಲ್ಲಿ, ಕೃಷ್ಣಾ ಮಲಪ್ರಭೆಗಳು ಕೂಡುವ ಎಡೆಯಲ್ಲಿ, ಕೂಡಲಸಂಗಮವಿರುವದು. ಬಸವಣ್ಣನವರ ವಚನಗಳು ಆ ಕ್ಷೇತ್ರದ ದೇವರ ಅಂಕಿತವನ್ನೇ ಹೊತ್ತಿರುವದನ್ನು ಕನ್ನಡಿಗರೆಲ್ಲರೂ ಬಲ್ಲರು. ಹನ್ನೆರಡನೆಯ ಶತಮಾನದಲ್ಲಿ ಶರಣರು ಜನರ ಭಾಷೆಯಲ್ಲಿ ನುಡಿದದ್ದು ಆ ನುಡಿಯು ಎಲ್ಲರಿಗೂ ಮುಟ್ಟಬೇಕೆಂಬ ಹಂಬಲದಿಂದಲೇ. ಆದರೆ ಕಾಲಗತಿಯಿಂದ ಆ ನುಡಿಯು ತಾಳೆಗರಿಯ ಕಟ್ಟುಗಳಲ್ಲಿ ಸೇರಿಹೋಯಿತು. ಮಠಗಳಲ್ಲಿಯೂ ಮನೆತನಗಳ ದೇವರ ಕೋಣೆಗಳಲ್ಲಿಯೂ ಆ ಕಟ್ಟುಗಳಿಗೆ ಪೂಜೆಯು ಸಂದಿತೇ ಹೊರತು ಅವುಗಳ ಪಠನವು ವಿರಳವಾಯಿತು.

ಆ ಕಟ್ಟುಗಳನ್ನು ಬಿಚ್ಚಿದ ಮಹನೀಯರು ವಿಜಾಪುರದ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು. ಆಗ ಹುನಗುಂದವು ವಿಜಾಪುರ ಜಿಲ್ಲೆಗೇ ಸೇರಿತ್ತು. ಬಾಗಲಕೋಟೆಯು ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಅವರು ಊರೂರು ಅಲೆದು ಗರಿಗಳನ್ನು ಕೂಡಿಸಿದರು, ಪಾಠಗಳನ್ನು ಪರಿಶೀಲಿಸಿದರು, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲನೆಯ ಭಾಗವನ್ನು ಹೊರತಂದರು. 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಹೂಡಿ, 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ಈ ಕಾರ್ಯಕ್ಕಾಗಿ ಇದ್ದ ಮನೆಯನ್ನೇ ಮಾರಿದರೆಂಬದು ನಾಡಿಗೆಲ್ಲ ತಿಳಿದ ಸಂಗತಿ. ಸಂಗ್ರಹ, ಸಂಪಾದನೆ, ಮುದ್ರಣ, ಪ್ರಸಾರ ಈ ನಾಲ್ಕೂ ಕೆಲಸಗಳನ್ನು ಒಬ್ಬ ವ್ಯಕ್ತಿಯು ತನ್ನ ಸ್ವಂತ ದ್ರವ್ಯದಿಂದ ಮಾಡಿದನು. ಇಂದು ಇವೇ ನಾಲ್ಕು ಕೆಲಸಗಳು ವಿದ್ಯಾಪೀಠಗಳ ಗ್ರಂಥಾಲಯಗಳ ಪಾಲಿಗೆ ಬಂದಿರುವವು. ಅವು ಈ ಹೊಣೆಯನ್ನು ಹೇಗೆ ಹೊರಬೇಕೆಂಬದೇ ನಮ್ಮ ಈ ಲೇಖನದ ವಿಷಯ.

ಹಳಕಟ್ಟಿಯವರು 1964ರ ಜೂನ್ 29ರಂದು ಲಿಂಗೈಕ್ಯರಾದರು. 1957ರ ಹಕ್ಕುಸ್ವಾಮ್ಯದ ಕಾಯಿದೆಯಂತೆ ಗ್ರಂಥಕರ್ತನ ಹಕ್ಕು ಅವನ ಜೀವಿತಕಾಲವೂ, ಅವನು ತೀರಿಕೊಂಡ ಮರುವರ್ಷದಿಂದ ಎಣಿಸಿ 60 ವರ್ಷಗಳೂ ನಡೆಯುವದು. ಅಂದರೆ 2024ರ ಡಿಸೆಂಬರ್ 31ಕ್ಕೆ ಆ ಅವಧಿಯು ತೀರಿತು. 2025ರ ಜನವರಿ 1ರಿಂದ, ಅವರ ಜೀವಿತಕಾಲದಲ್ಲಿ ಪ್ರಕಟವಾದ ಅವರ ಬರಹವೆಲ್ಲ ಸಮಸ್ತ ಜನರ ಸ್ವತ್ತಾಗಿರುವದು. ಯಾರು ಬೇಕಾದರೂ ಅದನ್ನು ಅಚ್ಚುಹಾಕಿಸಬಹುದು, ಅಂತರಜಾಲದಲ್ಲಿ ಇಡಬಹುದು. ಯಾರ ಅಪ್ಪಣೆಯೂ ಬೇಡ. ಇಂತಹ ಒಂದು ದಿನವು ಉತ್ಸವವಿಲ್ಲದೆ ಬಂದುಹೋಯಿತಾದರೆ ಅದು ನಮ್ಮ ಮರೆವಿನ ಗುರುತು.

ಆದರೆ ಕಾಯಿದೆಯು ಬೀಗ ತೆಗೆದ ಮಾತ್ರಕ್ಕೆ ಭಾಂಡಾರದಲ್ಲಿದ್ದುದು ಮನೆಬಾಗಿಲಿಗೆ ನಡೆದುಬರುವದಿಲ್ಲ. ಹಳೆಯ ಪುಸ್ತಕದ ಪುಟಗಳ ಛಾಯೆಯನ್ನು ತೆಗೆದು ಅಂತರಜಾಲಕ್ಕೆ ಏರಿಸುವದು ಮೊದಲನೆಯ ಮೆಟ್ಟಿಲು ಮಾತ್ರ. ಆ ಛಾಯೆಯನ್ನು ಕಣ್ಣು ಓದಬಲ್ಲದು, ಗಣಕಯಂತ್ರವು ಹುಡುಕಲಾರದು. ಅಕ್ಷರಗಳನ್ನು ಯೂನಿಕೋಡಿನ ಪಠ್ಯವಾಗಿ ಮಾರ್ಪಡಿಸಬೇಕು. ತಿಳಿದವರು ಮೂಲದೊಡನೆ ಹೋಲಿಸಿ ತಪ್ಪುಗಳನ್ನು ತಿದ್ದಬೇಕು. ಕರ್ತೃ, ಕಾಲ, ವಿಷಯಗಳ ಸೂಚಿಯನ್ನು ಕಟ್ಟಬೇಕು. ಐವತ್ತು ವರ್ಷಗಳ ಅನಂತರವೂ ಅದೇ ವಿಳಾಸದಲ್ಲಿ ಅದು ದೊರೆಯುವಂತೆ ಕಾಯಬೇಕು. ಇಷ್ಟಾದ ಮೇಲೆಯೇ ಡಿಜಿಟಲ್ ವಿದ್ವತ್ತೆಂಬದಕ್ಕೆ ಅರ್ಥ ಬರುವದು.

ಇದರ ಫಲವೇನೆಂಬದನ್ನು ವಚನಗಳಲ್ಲಿಯೇ ಕಾಣಬಹುದು. ಡಾ. ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ರಾಜ್ಯ ಸರಕಾರವು ವಚನಗಳನ್ನು ಸಮಗ್ರ ಸಂಪುಟಗಳಾಗಿ ಪ್ರಕಟಿಸಿತು. ಕಳೆದ ದಶಕದಲ್ಲಿ ಕೆಲವು ಸಾಹಿತ್ಯಾಸಕ್ತರೂ ತಂತ್ರಜ್ಞರೂ ಕೂಡಿ ‘ವಚನ ಸಂಚಯ’ವೆಂಬ ತಾಣವನ್ನು ಕಟ್ಟಿ, ಇಪ್ಪತ್ತು ಸಾವಿರದಷ್ಟು ವಚನಗಳನ್ನು ಪದಪದವಾಗಿ ಹುಡುಕಲು ಅನುಕೂಲ ಮಾಡಿಕೊಟ್ಟರು. ‘ಕಾಯಕ’ವೆಂಬ ಪದವನ್ನು ಯಾವ ಶರಣರು ಎಷ್ಟು ಸಲ, ಯಾವ ಸಂದರ್ಭದಲ್ಲಿ ಬಳಸಿದರೆಂಬದನ್ನು ಅರಿಯಲು ಮೊದಲು ಪಂಡಿತನೊಬ್ಬನು ತಿಂಗಳುಗಟ್ಟಲೆ ಹಾಳೆ ತಿರುವಬೇಕಾಗಿತ್ತು, ಈಗ ಹುನಗುಂದದ ವಿದ್ಯಾರ್ಥಿಯು ಕೆಲವೇ ಕ್ಷಣಗಳಲ್ಲಿ ಆ ಉಲ್ಲೇಖಗಳನ್ನೆಲ್ಲ ಮುಂದಿಟ್ಟುಕೊಂಡು ತನ್ನ ವಿಚಾರವನ್ನು ಆರಂಭಿಸಬಲ್ಲನು. ಇದು ಸಂತೋಷದ ಮಾತು. ಆದರೆ ಇಂತಹ ಕೆಲಸವು ಸ್ವಯಂಸೇವಕರ ಬಿಡುವಿನ ವೇಳೆಯನ್ನೇ ನಂಬಿ ನಿಲ್ಲಬೇಕೆಂಬದು ಸಂತೋಷದ ಮಾತಲ್ಲ. ವ್ಯಕ್ತಿಗೆ ಆಯುಷ್ಯದ ಮಿತಿಯುಂಟು. ಕಾಯುವ ಕೆಲಸಕ್ಕೆ ಸಂಸ್ಥೆಯೇ ಬೇಕು.

ನಮ್ಮ ನಾಡಿನ ವಿದ್ಯಾಸಂಸ್ಥೆಗಳು ಏನೂ ಮಾಡಿಲ್ಲವೆನ್ನುವದು ಅನ್ಯಾಯವಾದೀತು. 1891ರಲ್ಲಿ ಸ್ಥಾಪಿತವಾದ ಮೈಸೂರಿನ ಪ್ರಾಚ್ಯ ಗ್ರಂಥಾಲಯಕ್ಕೆ 1905ರಲ್ಲಿ ಬಂದ ಒಂದು ಓಲೆಗರಿಯ ಕಟ್ಟನ್ನು ಆರ್. ಶಾಮಶಾಸ್ತ್ರಿಗಳು ಓದಿ 1909ರಲ್ಲಿ ಪ್ರಕಟಿಸಲಾಗಿ, ಕೌಟಿಲ್ಯನ ‘ಅರ್ಥಶಾಸ್ತ್ರ’ವು ಜಗತ್ತಿಗೆ ಮರಳಿ ದೊರೆಯಿತು. ಗ್ರಂಥಾಲಯವು ಬರಿಯ ಉಗ್ರಾಣವಲ್ಲವೆಂಬದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ನಮ್ಮ ಕಾಲದಲ್ಲಿಯೂ ಮೈಸೂರು ವಿಶ್ವವಿದ್ಯಾಲಯವು ಸಂಶೋಧನ ಪ್ರಬಂಧಗಳನ್ನು ಅಂತರಜಾಲದಲ್ಲಿ ಕೂಡಿಸುವ ‘ವಿದ್ಯಾನಿಧಿ’ ಯೋಜನೆಯನ್ನು 2000ದ ಸುಮಾರಿಗೆ ಕೈಗೊಂಡಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು ತನ್ನ ವಿದ್ವಾಂಸರ ಲೇಖನಗಳಿಗಾಗಿ 2002ರಲ್ಲಿಯೇ ಮುಕ್ತ ಭಾಂಡಾರವನ್ನು ತೆರೆಯಿತು. 2014ರಲ್ಲಿ ಮೈಸೂರು ವಿಶ್ವವಿದ್ಯಾಲಯವು ತನ್ನ ಕನ್ನಡ ವಿಶ್ವಕೋಶದ ಸಂಪುಟಗಳನ್ನು, ಯಾರಾದರೂ ಮರುಬಳಸಬಹುದಾದ ಮುಕ್ತ ಪರವಾನಗಿಯಲ್ಲಿ ಬಿಡುಗಡೆ ಮಾಡಿತು. ಪಿಎಚ್.ಡಿ. ಪ್ರಬಂಧಗಳ ಡಿಜಿಟಲ್ ಪ್ರತಿಯನ್ನು ಒಪ್ಪಿಸಬೇಕೆಂದು ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2009ರಲ್ಲಿ ವಿಧಿಸಿದ ಮೇಲೆ, ‘ಶೋಧಗಂಗಾ’ ಭಾಂಡಾರದಲ್ಲಿ ದೇಶದ ಲಕ್ಷಗಟ್ಟಲೆ ಪ್ರಬಂಧಗಳು ಕೂಡಿರುವವು. ದಾರಿಯು ನಮಗೆ ಗೊತ್ತಿಲ್ಲದ್ದಲ್ಲ. ನಡೆಯುವ ಸಂಕಲ್ಪವು ಎಲ್ಲೆಡೆಯಲ್ಲಿ ಸಮನಾಗಿಲ್ಲ.

ಇನ್ನು ದ್ರವ್ಯದ ವಿಚಾರ. 2024ರ ನವೆಂಬರಿನಲ್ಲಿ ಕೇಂದ್ರ ಮಂತ್ರಿಮಂಡಲವು ‘ಒಂದು ರಾಷ್ಟ್ರ, ಒಂದು ಚಂದಾ’ ಯೋಜನೆಗೆ ಒಪ್ಪಿಗೆಯಿತ್ತಿತು. 2025ರಿಂದ 2027ರ ವರೆಗಿನ ಮೂರು ವರ್ಷಗಳಿಗೆ 6,000 ಕೋಟಿ ರೂಪಾಯಿ. 30 ಪ್ರಕಾಶಕರ ಸುಮಾರು 13,000 ನಿಯತಕಾಲಿಕೆಗಳು. 6,300ರಷ್ಟು ಸರಕಾರಿ ಸಂಸ್ಥೆಗಳು. ಮೊದಲು ದೊಡ್ಡ ಸಂಸ್ಥೆಗಳಿಗೆ ಮಾತ್ರ ಎಟುಕುತ್ತಿದ್ದ ಪತ್ರಿಕೆಗಳು ತಾಲೂಕಿನ ಸರಕಾರಿ ಕಾಲೇಜಿಗೂ ದೊರೆಯುವವೆಂಬದು ನಿಜವಾದ ಲಾಭವೇ. ಆದರೆ ನಿವೃತ್ತ ಅಧ್ಯಾಪಕನೂ, ಮಠದ ವಿದ್ವಾಂಸನೂ, ಪತ್ರಿಕಾಕರ್ತನೂ ಆ ಬಾಗಿಲಿನ ಹೊರಗೇ ಉಳಿಯುವರು. ಚಂದಾ ನಿಂತ ದಿನ ಬಾಗಿಲೂ ಮುಚ್ಚುವದು. ನಮ್ಮ ವಿದ್ವಾಂಸರು ನಮ್ಮ ತೆರಿಗೆಯ ಹಣದಿಂದ ಸಂಶೋಧಿಸಿ, ಲೇಖನವನ್ನು ಪರದೇಶದ ಪ್ರಕಾಶಕನಿಗೆ ಪುಕ್ಕಟೆಯಾಗಿ ಕೊಟ್ಟು, ಅದನ್ನೇ ಮತ್ತೆ ನಾವು ಹಣ ತೆತ್ತು ಕೊಳ್ಳುವದು ಯಾವ ಲೆಕ್ಕ? ಹತ್ತಿ ಬೆಳೆದವನು ತನ್ನ ಹತ್ತಿಯ ಅರಿವೆಯನ್ನೇ ಪರದೇಶದಿಂದ ಕೊಳ್ಳುತ್ತಿದ್ದ ಕಾಲವನ್ನು ಇಳಕಲ್ಲಿನ ನೇಕಾರರ ನಾಡಿಗೆ ನೆನಪು ಮಾಡಿಕೊಡಬೇಕೆ?

ಮುಕ್ತ ಪ್ರಕಟಣೆಯೇ ಇದಕ್ಕೆ ಉತ್ತರವೆಂದು 2002ರ ಬುಡಾಪೆಸ್ಟ್ ಘೋಷಣೆಯು ಸಾರಿತು. ಆದರೆ ಇಲ್ಲಿಯೂ ಒಂದು ಮೋಸದ ಬಲೆಯುಂಟು. ಓದುಗನಿಗೆ ಬಿಟ್ಟ ಹಣವನ್ನು ಬರೆಯುವವನಿಂದ ವಸೂಲು ಮಾಡುವ ಪ್ರಕಾಶಕರು ಹುಟ್ಟಿಕೊಂಡರು. ಶುಲ್ಕ ಬಂದರೆ ಸಾಕು, ಗುಣವನ್ನು ನೋಡೆವೆಂಬ ಪತ್ರಿಕೆಗಳೂ ತಲೆಯೆತ್ತಿದವು. 2018ರಲ್ಲಿ ಧನಸಹಾಯ ಆಯೋಗವು ತನ್ನ ಅಂಗೀಕೃತ ಪಟ್ಟಿಯಿಂದ 4,305 ಪತ್ರಿಕೆಗಳನ್ನು ತೆಗೆದುಹಾಕಬೇಕಾಯಿತು. ಆದುದರಿಂದ ಓದುವವನಿಂದಲೂ ಬರೆಯುವವನಿಂದಲೂ ಹಣ ಬೇಡದೆ, ವಿದ್ಯಾಪೀಠದ ಗ್ರಂಥಾಲಯವೇ ವೆಚ್ಚವನ್ನು ಹೊತ್ತು ಪತ್ರಿಕೆಯನ್ನು ನಡೆಸುವದು ಶ್ರೇಯಸ್ಕರ. ‘ಶಿವಾನುಭವ’ಕ್ಕಾಗಿ ಒಬ್ಬರು ಮನೆ ಮಾರಿದ ನಾಡಿನಲ್ಲಿ ಒಂದು ವಿದ್ಯಾಪೀಠಕ್ಕೆ ಇಷ್ಟು ಭಾರವಾಗಬಾರದು.

ಗ್ರಂಥಕರ್ತರ ಗತಿಯೇನೆಂದು ಕೆಲವರು ಕೇಳಬಹುದು. ಪ್ರಶ್ನೆಯು ಯೋಗ್ಯವಾದುದೇ. ಬದುಕಿರುವ ಲೇಖಕನ ಪುಸ್ತಕವನ್ನು ಕೇಳದೆ ಅಂತರಜಾಲಕ್ಕೆ ಏರಿಸುವದು ಔದಾರ್ಯವಲ್ಲ, ಅಪಹರಣ. ಭಾರತ ಡಿಜಿಟಲ್ ಗ್ರಂಥಾಲಯದ ತಾಣವು ಹಕ್ಕುಸ್ವಾಮ್ಯದ ತಕರಾರುಗಳಿಂದಲೇ 2017ರಲ್ಲಿ ಮುಚ್ಚಿಕೊಂಡಿತೆಂಬದನ್ನು ಮರೆಯಲಾಗದು. ನಾವು ಕೇಳುವದು ಅವಧಿ ತೀರಿದ ಗ್ರಂಥಗಳನ್ನು, ಸಾರ್ವಜನಿಕ ಹಣದಿಂದ ನಡೆದ ಸಂಶೋಧನೆಯನ್ನು, ವಿದ್ಯಾಪೀಠಗಳೇ ಹಕ್ಕುಳ್ಳ ಪ್ರಕಟಣೆಗಳನ್ನು ಮಾತ್ರ.

ಆದುದರಿಂದ ಅಧಿಕಾರಿಗಳಿಗೂ ಕುಲಪತಿಗಳಿಗೂ ನಮ್ಮ ಬಿನ್ನಹವಿಷ್ಟು. ಪ್ರತಿ ವರ್ಷ ಜನವರಿ 1ರಂದು ಯಾವ ಕನ್ನಡ ಲೇಖಕರ ಕೃತಿಗಳು ಜನರ ಸ್ವತ್ತಾದವೆಂಬ ಪಟ್ಟಿಯನ್ನು ಒಂದು ವಿದ್ಯಾಪೀಠವಾದರೂ ಪ್ರಕಟಿಸಲಿ. ಹಳಕಟ್ಟಿಯವರ ಮೂಲ ಮುದ್ರಣಗಳಿಂದ ಆರಂಭಿಸಿ ಅವನ್ನು ತಿದ್ದಿದ, ಹುಡುಕಬಲ್ಲ ಪಠ್ಯವಾಗಿ ಹೊರತರಲಿ. ಹಳೆಯ ತಂತ್ರಾಂಶಗಳ ಸಂಕೇತಗಳಲ್ಲಿ ಬೆರಳಚ್ಚಾದ ಕನ್ನಡ ಪ್ರಬಂಧಗಳನ್ನು ಯೂನಿಕೋಡಿಗೆ ತರಲಿ. ಈ ಕೆಲಸಕ್ಕೆ ಗ್ರಂಥಪಾಲರ ಖಾಯಂ ಹುದ್ದೆಗಳು ಬೇಕು. ಗುತ್ತಿಗೆಯ ನೌಕರನು ಗುತ್ತಿಗೆಯ ಅವಧಿಯಷ್ಟೇ ಕಾಯುವನು.

ಹುನಗುಂದದಿಂದ ಬಹುದೂರವಲ್ಲದ ಐಹೊಳೆಯ ಮೇಗುಟಿಯ ಗೋಡೆಯಲ್ಲಿ ರವಿಕೀರ್ತಿಯು ಶಕ 556ರಲ್ಲಿ, ಅಂದರೆ ಕ್ರಿ. ಶ. 634ರಲ್ಲಿ, ಇಮ್ಮಡಿ ಪುಲಕೇಶಿಯ ಕೀರ್ತಿಯನ್ನು ಕೆತ್ತಿಸಿದನು. ಗುಡ್ಡವನ್ನು ಹತ್ತಿದವರಿಗೆಲ್ಲ ಅದು ಇಂದಿಗೂ ಕಾಣಿಸುವದು. ಅದನ್ನು ಮರೆಯಲ್ಲಿಟ್ಟು ಕಾಯಬೇಕೆಂದು ಕೆತ್ತಿಸಿದವನಿಗೆ ಅನಿಸಲಿಲ್ಲ. ಹದಿಮೂರು ಶತಮಾನಗಳ ಹಿಂದೆ ಕಲ್ಲಿಗೆ ಸಾಧ್ಯವಾದದ್ದು ಇಂದಿನ ನಮ್ಮ ಗ್ರಂಥಾಲಯಗಳಿಗೆ ಅಸಾಧ್ಯವೆಂದರೆ ನಾಡು ನಂಬಲಾರದು.