ಗಡಿ ಬಂದ್, ಇಮ್ಯುನೊಥೆರಪಿ?

ಮೂರು ವಾರಕ್ಕೊಮ್ಮೆ ಇಮ್ಯುನೊಥೆರಪಿ ಎಂಬ ಕ್ಯಾನ್ಸರ್ ಡ್ರಿಪ್. ಆಸ್ಪತ್ರೆಯ ದಾರಿಯೇ ಬಂದ್ ಆದರೆ?

2020ರ ಮಾರ್ಚ್, ಕೋವಿಡ್ ಕಾಲ. ಉಳ್ಳಾಲ ತಾಲ್ಲೂಕಿನ ತುದಿಯ ತಲಪಾಡಿಯಲ್ಲಿ ಕರ್ನಾಟಕ ಗಡಿ ಮುಚ್ಚಿತು. ದೇರಳಕಟ್ಟೆ, ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಕೇರಳದ ಕಾಸರಗೋಡಿನ ರೋಗಿಗಳು ಆಚೆಯೇ ಉಳಿದರು. ವಿಷಯ ಸುಪ್ರೀಂ ಕೋರ್ಟ್‌ ಮುಟ್ಟಿತು. ತುರ್ತು ರೋಗಿಗಳನ್ನು ಬಿಡಲು ಒಪ್ಪಂದವಾಗಿದೆ ಎಂದು ಏಪ್ರಿಲ್ 7ರಂದು ಕೇಂದ್ರ ತಿಳಿಸಿತು.

ಇಮ್ಯುನೊಥೆರಪಿ ಏನು ಮಾಡುತ್ತದೆ? ಕ್ಯಾನ್ಸರ್ ಕೋಶ ನಮ್ಮ ರೋಗನಿರೋಧಕ ಟಿ-ಕೋಶಗಳಿಗೆ ಬ್ರೇಕ್ ಹಾಕಿರುತ್ತದೆ. ಪೆಂಬ್ರೊಲಿಝುಮ್ಯಾಬ್‌ನಂಥ ಔಷಧ ಅದನ್ನು ಬಿಡಿಸುತ್ತದೆ. ಕಿಮೊ ಹಾಗೆ ಬಿಳಿ ರಕ್ತಕಣಗಳನ್ನು ಸಾಮಾನ್ಯವಾಗಿ ಇಳಿಸುವುದಿಲ್ಲ. ದೇಹದಲ್ಲಿ ವಾರಗಟ್ಟಲೆ ಉಳಿಯುತ್ತದೆ.

ಹಾಗಾಗಿ ಅಂತರ ಹೆಚ್ಚಿಸಲು ಸಾಧ್ಯವಾಯಿತು. 2020ರ ಏಪ್ರಿಲ್ ಕೊನೆಗೆ ಅಮೆರಿಕದ ಎಫ್‌ಡಿಎ, 3 ವಾರಕ್ಕೆ 200 ಮಿಲಿಗ್ರಾಂ ಜೊತೆಗೆ, 6 ವಾರಕ್ಕೆ 400 ಮಿಲಿಗ್ರಾಂ ಕೊಡಲೂ ಒಪ್ಪಿತು. ಆಸ್ಪತ್ರೆ ಓಡಾಟ ಅರ್ಧಕ್ಕರ್ಧ ಕಡಿಮೆ!

ಆದರೆ ಒಂದು ತೊಡಕು. ಈ ಔಷಧದಿಂದ ಕೆಲವರಿಗೆ ಶ್ವಾಸಕೋಶದ ಉರಿಯೂತ ಬರುತ್ತದೆ. ಕೆಮ್ಮು, ಏದುಸಿರು: ಥೇಟ್ ಕೋವಿಡ್ ಲಕ್ಷಣ. ಸಿಟಿ ಸ್ಕ್ಯಾನ್‌ನಲ್ಲೂ ಎರಡೂ ಒಂದೇ ಥರ ಕಾಣಬಹುದು. ಅದಕ್ಕೇ ಸ್ವ್ಯಾಬ್ ಟೆಸ್ಟ್ ಮುಖ್ಯ.

ನಿಮ್ಮ ಮನೆಯಲ್ಲಿ ಯಾರಾದರೂ ಇಮ್ಯುನೊಥೆರಪಿ ತಗೊಳ್ತಿದ್ದಾರಾ? ಕೆಮ್ಮು ಬಂದರೆ ಬರೀ ಶೀತ ಅಂತ ಸುಮ್ಮನಿರಬೇಡಿ. ಅವತ್ತೇ ಕ್ಯಾನ್ಸರ್ ಡಾಕ್ಟರಿಗೆ ಫೋನ್ ಮಾಡಿ.