ಇಲಿಯಾಸ ಯಾರು, ಎಲೀಯ ಯಾರು?

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ಹೆಸರುಗಳಲ್ಲಿ ದೇವರಿಗೆ ಬರವಿಲ್ಲ. ಲಕ್ಕಪ್ಪ, ಬಸಪ್ಪ, ಮಾರುತಿ. ಮೂಡಲಗಿ ಮಠದ ಭಕ್ತರಲ್ಲಿ ಶಿವಬೋಧ. ಇದೇ ಊರುಗಳ ಮುಸಲ್ಮಾನರ ಮನೆಗಳಲ್ಲಿ ಇಲಿಯಾಸ ಎಂಬ ಹೆಸರೂ ಕಿವಿಗೆ ಬೀಳುತ್ತದೆ. ಅದರಲ್ಲಿಯೂ ದೇವರಿದ್ದಾನೆ, ಅದೂ ಎರಡು ಸಲ!

ಅನೇಕರು ಇದನ್ನು ಅರಬ್ಬಿ ಹೆಸರೆಂದು ತಿಳಿದಿದ್ದಾರೆ. ಮೂಲ ಹೀಬ್ರೂ. ಅಲ್ಲಿ ಇದರ ರೂಪ 'ಎಲಿಯಾಹು'. 'ಎಲ್' ಎಂದರೆ ದೇವರು, 'ಎಲಿ' ಎಂದರೆ ನನ್ನ ದೇವರು. 'ಯಾಹು' ಎಂಬುದು ಇಸ್ರಾಯೇಲರು ಆರಾಧಿಸುವ ಯೆಹೋವನ ಹೆಸರಿನ ಮೊಟಕು ರೂಪ. ಕೂಡಿಸಿದರೆ 'ಯೆಹೋವನೇ ನನ್ನ ದೇವರು' ಎಂಬ ಇಡೀ ವಾಕ್ಯವೇ ಆಗುತ್ತದೆ.

ಈ ವಾಕ್ಯ ಆ ಕಾಲದಲ್ಲಿ ಸುಮ್ಮನೆ ಆಡುವಂಥದ್ದಾಗಿರಲಿಲ್ಲ. ಕ್ರಿಸ್ತಪೂರ್ವ 9ನೇ ಶತಮಾನದಲ್ಲಿ ಇಸ್ರಾಯೇಲನ್ನು ಆಳುತ್ತಿದ್ದವನು ಅಹಾಬ. ಅವನ ರಾಣಿ ಈಜೆಬೆಲ್ ಸೀದೋನಿನ ರಾಜಕುಮಾರಿ. ತವರಿನ ದೇವರಾದ ಬಾಳನ ಪೂಜೆಯನ್ನು ಅರಮನೆಗೆ ತಂದಳು. ಅದನ್ನು ಎದುರಿಸಿ ನಿಂತ ಪ್ರವಾದಿಯೇ ಎಲಿಯಾಹು. ಕರ್ಮೆಲ್ ಬೆಟ್ಟದ ಮೇಲೆ ನಡೆದ ಪಂಥದ ಕಥೆ ಬೈಬಲಿನಲ್ಲಿದೆ. ಪಂಥ ಮುಗಿದ ಮೇಲೆ ಜನ ಯೆಹೋವನೇ ದೇವರೆಂದು ಕೂಗಿದರಂತೆ. ಎಂದರೆ, ಪ್ರವಾದಿಯ ಹೆಸರಿನ ಅರ್ಥವನ್ನೇ ಕೂಗಿದರು! ಬೈಬಲಿನ ಆ ಕಥೆಯಲ್ಲಿ ಅವನ ತಂದೆಯ ಹೆಸರಿಲ್ಲ. ಹೀಗಾಗಿ ಇದು ಹುಟ್ಟಿದಾಗ ಇಟ್ಟ ಹೆಸರೋ, ಕೆಲಸ ನೋಡಿ ಜನ ಕೊಟ್ಟದ್ದೋ ಎಂಬ ಅನುಮಾನ ಬಾರದಿರದು.

ಕೊನೆಯ 'ಸ' ಎಲ್ಲಿಂದ ಬಂತು? ಗ್ರೀಕರಿಂದ. ಸಾಕ್ರೆಟಿಸ್, ಹೆರೊಡೋಟಸ್ ಎಂಬಂತೆ ಗಂಡಸರ ಹೆಸರಿನ ತುದಿಗೆ 'ಸ್' ಹಚ್ಚುವುದು ಅವರ ರೂಢಿ. ಎಲಿಯಾಹು ಅವರ ಬಾಯಲ್ಲಿ ಎಲಿಯಾಸ್ ಆದ. ಅದೇ ಬಾಲ ಅರಬ್ಬಿಯ ಇಲ್ಯಾಸ್‌ನಲ್ಲೂ ಉಳಿಯಿತು. ಕುರಾನಿನ 37ನೇ ಅಧ್ಯಾಯದಲ್ಲಿ ಇಲ್ಯಾಸ್ ತನ್ನ ಜನರನ್ನು, ಸೃಷ್ಟಿಕರ್ತನನ್ನು ಬಿಟ್ಟು ಬಾಳನನ್ನು ಕರೆಯುತ್ತೀರಾ ಎಂದು ಕೇಳುತ್ತಾನೆ. ಅದೇ ಪ್ರವಾದಿ, ಅದೇ ಜಗಳ. ಕನ್ನಡ ಬೈಬಲ್ ಆ ಬಾಲ ಬಿಟ್ಟು 'ಎಲೀಯ' ಎಂದು ಬರೆದುಕೊಂಡಿತು. ಹೀಗೆ ಮಸೀದಿಯ ಓಣಿಯ ಇಲಿಯಾಸನೂ ಚರ್ಚಿನ ಎಲೀಯನೂ ಒಂದೇ ಹೆಸರಿನವರಾದರೂ ಕನ್ನಡದಲ್ಲಿ ಒಬ್ಬರಿಗೊಬ್ಬರು ಗುರುತು ಹತ್ತದಂತಾಗಿದ್ದಾರೆ.

ಹೆಸರಿನ ಮೊದಲ ತುಂಡು 'ಎಲ್' ಇನ್ನೂ ಹಲವು ಹೆಸರುಗಳಲ್ಲಿ ಅಡಗಿದೆ. ಇಸ್ಮಾಯಿಲ ಎಂದರೆ 'ದೇವರು ಕೇಳಿಸಿಕೊಳ್ಳುತ್ತಾನೆ'. ದಾನಿಯೇಲ ಎಂದರೆ 'ದೇವರೇ ನನ್ನ ನ್ಯಾಯಾಧೀಶ'. ಅರಬ್ಬಿಯ 'ಇಲಾಹ್' ಶಬ್ದವೂ ಇದೇ ಬಳಗದ್ದು. ಆದರೆ ನಮ್ಮ ಯಲ್ಲಪ್ಪನನ್ನು ಈ ಸಾಲಿಗೆ ಎಳೆಯಬಾರದು. ಅವನು ಸವದತ್ತಿ ಯಲ್ಲಮ್ಮನ ಕಡೆಯವನು.